ಆರ್ಡಿಸ್ ನೈಗಾರ್ಡ್ ಬಾಯಿಬಿಟ್ಟು ಕೇಳಿದ್ದು

ಆರ್ಡಿಸ್ ನೈಗಾರ್ಡ್ ತನ್ನ ಅರವತ್ತಾರು ವರ್ಷಗಳಲ್ಲಿ ನಿಜವಾಗಿ ಹೆದರಿದ್ದು ಒಂದೇ ಸಲ. ಅದನ್ನು ಹೇಳುವ ಮೊದಲು ಅವಳು ಹೆದರದೆ ಎದುರಿಸಿದ್ದನ್ನೆಲ್ಲ ಸ್ವಲ್ಪವಾದರೂ ಹೇಳದಿದ್ದರೆ ಉತ್ತರದ ಚಳಿನಾಡಿನ ಹಾಲ್ವರ್ಡ್ ಊರಿನವರು ಒಪ್ಪುವುದಿಲ್ಲ.

ಊರಿನ ಶಾಲೆಯ ಅಡುಗೆಮನೆಯಲ್ಲಿ ಮೂವತ್ತೊಂದು ವರ್ಷ ಸೌಟು ಹಿಡಿದವಳು ಅವಳು. ದಿನಕ್ಕೆ ಮುನ್ನೂರು ಮಕ್ಕಳಿಗೆ ಬೇಯಿಸಿದ ಕ್ಯಾರೆಟ್ ತಿನ್ನಿಸಿ, ಅವರ ಬಾಯಿಂದಲೇ ‘ಥ್ಯಾಂಕ್ಯೂ’ ಅನ್ನಿಸಿಕೊಂಡವಳು. ಇವತ್ತು ಆ ಜಿಲ್ಲೆಯ ಪೊಲೀಸು ಮುಖ್ಯಸ್ಥನಾದ ಷರೀಫ, ಹಲ್ಲಿನ ಡಾಕ್ಟರು, ಬ್ಯಾಂಕಿನ ಮ್ಯಾನೇಜರು ಯಾರೇ ಆಗಲಿ, ಆರ್ಡಿಸ್ ಹುಬ್ಬೇರಿಸಿದರೆ ಕೈ ತಾನಾಗಿ ತಟ್ಟೆಯ ಮೂಲೆಯಲ್ಲಿ ಉಳಿದ ತರಕಾರಿಯ ಕಡೆ ಹೋಗುತ್ತದೆ.

ಆದರೆ ಅವಳ ಕೀರ್ತಿ ನಿಂತಿರುವುದು ಕ್ಯಾರೆಟ್ಟಿನ ಮೇಲಲ್ಲ, ಲೂನ್ ನೆಕ್ ಸ್ಟೇಟ್ ಪಾರ್ಕಿನ ಹೊಸ ವರ್ಷದ ನಡಿಗೆಯ ಮೇಲೆ. ಜನವರಿ ಒಂದನೇ ತಾರೀಕು ಬೆಳಿಗ್ಗೆ ಹತ್ತಕ್ಕೆ ಪಾರ್ಕಿನ ಕಚೇರಿಯ ಮುಂದಿನಿಂದ ಹೊರಟು, ಪೈನ್ ಮರಗಳ ನಡುವೆ ದಿಬ್ಬ ಹತ್ತಿ, ಹೆಪ್ಪುಗಟ್ಟಿದ ಸರೋವರವನ್ನು ಅದರ ಕಿರಿದಾದ ಕತ್ತಿನಲ್ಲಿ ದಾಟಿ, ಆಚೆ ದಡದ ಹಳೆಯ ಮರದ ದಿಮ್ಮಿಗಳ ಮಂಟಪ ತಲುಪಿದರೆ ಮೂರು ಮೈಲಿ. ಅಲ್ಲಿ ಬೆಂಕಿ, ಬೆಂಕಿಯ ಮೇಲೆ ಕಾಡು ಅಕ್ಕಿಯ ಸೂಪು. ಇಪ್ಪತ್ಮೂರು ವರ್ಷದ ಹಿಂದೆ ಇದನ್ನು ನಡೆಸಬೇಕಿದ್ದ ಪಾರ್ಕಿನ ಮ್ಯಾನೇಜರ್ ಡ್ವೈಟ್, ಕಚೇರಿಯ ಮೆಟ್ಟಿಲ ಮೇಲೇ ಜಾರಿ ಕಾಲು ಉಳುಕಿಸಿಕೊಂಡ. ಆರ್ಡಿಸ್ ಅವತ್ತು ಬರೀ ಸೂಪು ತಂದವಳು. ಬಿದ್ದವನನ್ನು ನೋಡಿದಳು, ನಿಂತವರನ್ನು ನೋಡಿದಳು. “ಸೂಪು ಮುಂದೆ ಹೋಗಿದೆ, ಆರಿಹೋಗುತ್ತೆ, ನಡೀರಿ,” ಎಂದು ಹೊರಟಳು. ಪಟ್ಟಾಭಿಷೇಕವಾಗಿದ್ದು ಹಾಗೆ.

ಆಮೇಲಿನ ದಂಡಯಾತ್ರೆಗಳನ್ನು ಊರು ಇಸವಿಯಿಂದ ನೆನಪಿಡುವುದಿಲ್ಲ. ಸೊನ್ನೆಗಿಂತ ಮೂವತ್ತನಾಲ್ಕು ಡಿಗ್ರಿ ಕೆಳಗಿಳಿದ ವರ್ಷ ಬಂದವರು ನಾಲ್ಕೇ ಜನ. ಅವರಲ್ಲಿ ಇಬ್ಬರು ಹೊಸದಾಗಿ ಮದುವೆಯಾದವರು, ಚಳಿ ಅವರ ಗಮನಕ್ಕೆ ಬರಲಿಲ್ಲ. ಮಳೆ ಬಿದ್ದಲ್ಲೇ ಹೆಪ್ಪುಗಟ್ಟಿ ಗಾಜಾದ ವರ್ಷ ಆರ್ಡಿಸ್ ಎಲ್ಲರ ಬೂಟಿನ ಮೇಲೆ ಉಣ್ಣೆಯ ಕಾಲುಚೀಲ ತೊಡಿಸಿ, ಐವತ್ತು ಜನರನ್ನು ಬೆಕ್ಕುಗಳ ಹಾಗೆ ಸದ್ದಿಲ್ಲದೆ ದಾಟಿಸಿದಳು. ಇನ್ನೊಂದು ವರ್ಷ ಕುದುರೆಗಿಂತ ಎತ್ತರದ ಒಂದು ಮೂಸ್ ಜಿಂಕೆ ದಾರಿಗೆ ಅಡ್ಡ ನಿಂತು ಅಲುಗಲೊಲ್ಲದು. ಮೂಸ್ ಅಂದರೆ ಜನ ಫೋಟೋ ತೆಗೆಯಲು ಹತ್ತಿರ ಹೋಗುತ್ತಾರೆಂದು ಗೊತ್ತಿದ್ದ ಆರ್ಡಿಸ್, ಅದರ ಹೆಸರನ್ನೇ ಎತ್ತದೆ, “ಈ ಕಡೆ ಬನ್ನಿ, ಮರದ ಮೇಲೆ ಎಂಥಾ ಚೆಂದದ ಪಾಚಿ ಇದೆ ನೋಡಿ,” ಎಂದು ಇಡೀ ಸೈನ್ಯವನ್ನು ಜೌಗಿನ ಆಚೆ ಮುಕ್ಕಾಲು ಗಂಟೆ ಸುತ್ತಿಸಿದಳು. ಆ ದಿನ ಪಾಚಿ ನೋಡಿದವರು ಇವತ್ತಿಗೂ ಅದನ್ನು ಹೊಗಳುತ್ತಾರೆ.

ಇಷ್ಟೇ ಅಲ್ಲ, ಕ್ರಿಸ್‌ಮಸ್ಸಿನಿಂದ ಹೊಸ ವರ್ಷದ ತನಕ ಅವಳ ರಾಜ್ಯಭಾರ ಪಾರ್ಕಿನ ಒಲೆಮನೆಯಲ್ಲಿ. ಅದು ದಿಮ್ಮಿಯ ಒಂದೇ ಕೋಣೆ. ನಡುವೆ ಕಬ್ಬಿಣದ ಒಲೆ, ಸುತ್ತ ಬೆಂಚು, ಮೇಲೆ ಕೈಗವಸುಗಳನ್ನು ಒಣಹಾಕುವ ಹಗ್ಗ. ಜಾರುಬಂಡಿಯ ದಿಬ್ಬದಿಂದ ಕಣ್ಣು ಮೂಗು ಹಿಮವಾದ ಅಪ್ಪಂದಿರು ಬರುತ್ತಾರೆ, ಮಕ್ಕಳ ನೆಪದಲ್ಲಿ ತಾವೇ ಹನ್ನೊಂದು ಸಲ ಜಾರಿದವರು. ಬುಟ್ಟಿಯಂಥ ಸ್ನೋಶೂ ಕಟ್ಟಿಕೊಂಡು ಬಾತುಕೋಳಿ ನಡಿಗೆ ನಡೆದ ಅಜ್ಜಿಯಂದಿರು ಬರುತ್ತಾರೆ. ಸ್ಕೀ ಮಾಡುವವರು ಬಂದು ತಮ್ಮ ಸ್ಕೀಗೆ ಯಾವ ಮೇಣ ಹಚ್ಚಿದರೆಂದು ಯಾರೂ ಕೇಳದಿದ್ದರೂ ಹೇಳುತ್ತಾರೆ. ಎಲ್ಲರಿಗೂ ಒಂದೊಂದು ಲೋಟ ಬಿಸಿ ಕೋಕೋ. ಯಾರ ಕಿವಿ ಚಳಿಗೆ ಬೆಳ್ಳಗಾಗಿದೆ, ಯಾರ ಬೆರಳು ಮರಗಟ್ಟಿದೆ ಎನ್ನುವುದು ಅವರಿಗಿಂತ ಮೊದಲು ಆರ್ಡಿಸ್‌ಗೆ ಗೊತ್ತಾಗುತ್ತದೆ. ಹತ್ತಾರು ವರ್ಷದಲ್ಲಿ ಅವಳ ಕಣ್ಣು ತಪ್ಪಿಸಿ ಒಂದು ಕಿವಿಯೂ ಹಾಳಾಗಿಲ್ಲ.

ಇಂಥ ವೀರೆಯನ್ನು ಉರುಳಿಸಿದ್ದು ಒಂದು ಸಣ್ಣ ‘ಬೇಡ’.

ಹಾಲ್ವರ್ಡಿನಲ್ಲಿ ಯಾರಿಗೆ ಏನನ್ನೇ ಕೊಡುವುದಾದರೂ ಮೂರು ಸಲ ಕೇಳಬೇಕು. ಮೊದಲನೆಯ ‘ಬೇಡ’ ಮರ್ಯಾದೆಗೆ. ಎರಡನೆಯದು ತಾನು ಹಸಿದು ಬಂದವನಲ್ಲ ಎಂದು ತೋರಿಸುವುದಕ್ಕೆ. ಮೂರನೆಯ ಸಲ, “ಹೇಗೂ ಮಾಡಿದ್ದೀರಿ, ಚೆಲ್ಲೋದ್ಯಾಕೆ, ಅರ್ಧ ಕಪ್ಪು ಕೊಡಿ,” ಎಂದು ಎರಡು ಕಪ್ಪು ಕುಡಿಯುವುದು. ಒಂದೇ ಸಲಕ್ಕೆ ‘ಕೊಡಿ’ ಅಂದವನನ್ನು ಕಂಡರೆ, ಪಾಪ, ಮನೆಯಲ್ಲಿ ಏನೋ ಕಷ್ಟವಿರಬೇಕು ಎಂದು ಮಾರನೆಯ ದಿನ ಚರ್ಚಿನವರು ಅಡುಗೆ ಮಾಡಿ ತಂದು ಬಾಗಿಲಲ್ಲಿಡುತ್ತಾರೆ. ಇದನ್ನು ಯಾರೂ ಯಾರಿಗೂ ಕಲಿಸುವುದಿಲ್ಲ. ಹಾಗೆ ನೋಡಿದರೆ ಇದನ್ನು ಬಾಯಲ್ಲಿ ಆಡುವುದೂ ಅಸಭ್ಯವೇ.

ಡ್ವೈಟ್ ಇದೇ ಊರವನು. ಆರ್ಡಿಸಳ ಪಟ್ಟಾಭಿಷೇಕವಾದಾಗಿನಿಂದ, ಪ್ರತಿ ಡಿಸೆಂಬರಿನ ಮೊದಲ ವಾರ, ಕಚೇರಿಯ ಕೌಂಟರಿನ ಕಟ್ಟೆಯ ಮೇಲೆ ಮೊಣಕೈ ಊರಿ, ನಡಿಗೆ ನಡೆಸುತ್ತೀರಾ ಎಂದು ಅವಳನ್ನು ಕೇಳುತ್ತಿದ್ದ. ಅವಳು ಬೇಡವೆನ್ನುತ್ತಿದ್ದಳು. “ನೀವಿಲ್ಲದೆ ಆಗುತ್ತಾ,” ಎನ್ನುತ್ತಿದ್ದ. ಅವಳು ಮೊಣಕಾಲಿನ ಮಾತೆತ್ತುತ್ತಿದ್ದಳು. “ಹಾಗಾದ್ರೆ ನಡಿಗೆನೇ ಬಿಡೋಣ ಬಿಡಿ,” ಎನ್ನುತ್ತಿದ್ದ. “ಅಯ್ಯೋ, ಅಷ್ಟರಮಟ್ಟಿಗೆ ಬಂದ್ರೆ ನೋಡೋಣ,” ಎಂದು ಅವಳು ಮುಂದಾಳು ತೊಡುವ ಪಾರ್ಕಿನ ಕಿತ್ತಳೆ ಬಣ್ಣದ ಮೇಲಂಗಿಯನ್ನು ಒಗೆದಿಡುವುದಕ್ಕೆ ಮನೆಗೆ ಹೊರಡುತ್ತಿದ್ದಳು. ಒಟ್ಟು ನಾಲ್ಕು ನಿಮಿಷದ ಕೆಲಸ. ಕಳೆದ ಬೇಸಗೆಯಲ್ಲಿ ಡ್ವೈಟ್ ನಿವೃತ್ತನಾದ. ಅವನ ಜಾಗಕ್ಕೆ ಟೆಕ್ಸಸ್ಸಿನ ತೀರ ದಕ್ಷಿಣದ ತುದಿಯಿಂದ ರೂಬೆನ್ ಟ್ರೆವಿನ್ಯೊ ಬಂದ. ನಲವತ್ತರ ಹತ್ತಿರದವನು, ನಗುಮುಖ, ಮಾತುಮಾತಿಗೆ ‘ಮೇಡಂ’ ಅನ್ನುವವನು. ಅಕ್ಟೋಬರಿನಲ್ಲೇ ಎರಡು ಕೋಟು ಹಾಕಿಕೊಂಡು ಓಡಾಡಿದ್ದರಿಂದ ಊರಿಗೆ ಅವನ ಮೇಲೆ ಕನಿಕರವೂ ಇತ್ತು.

ಡಿಸೆಂಬರ್ ಮೊದಲ ವಾರ ಅವನೂ ಕೇಳಿದ.

“ಆರ್ಡಿಸ್ ಮೇಡಂ, ಹೊಸ ವರ್ಷದ ನಡಿಗೆ ಈ ಸಲವೂ ನೀವೇ ನಡೆಸ್ತೀರಾ?”

“ಅಯ್ಯೋ ಬೇಡಪ್ಪ, ನಂದೇನಿದೆ. ಪ್ರತಿ ವರ್ಷ ನಾನೇ ಅಂದ್ರೆ ಜನಕ್ಕೂ ಬೇಜಾರು. ಬೇರೆ ಯಾರಿಗಾದ್ರೂ ಹೇಳಿ.”

“ಆಯ್ತು ಮೇಡಂ,” ಅಂದ ರೂಬೆನ್. “ನಿಮ್ಮ ಮಾತಿಗೆ ಬೆಲೆ ಕೊಡ್ತೀನಿ.” ಪುಸ್ತಕದಲ್ಲಿ ಅವಳ ಹೆಸರಿನ ಮೇಲೆ ಒಂದು ಗೆರೆ ಎಳೆದ.

ಆರ್ಡಿಸ್ ಕಟ್ಟೆ ಹಿಡಿದು ನಿಂತಳು. ಎರಡನೆಯ ಸಲ ಕೇಳುವುದಕ್ಕೆ ಅವನಿಗೆ ಸಮಯ ಕೊಟ್ಟಳು. ಗೋಡೆಯ ಗಡಿಯಾರ ಟಿಕ್ ಅಂದಿತು. ಅವಳು ಅದರ ಪಕ್ಕದ ಪಾರ್ಕಿನ ನಕ್ಷೆಯನ್ನು ಮೊದಲ ಬಾರಿ ನೋಡುವವಳಂತೆ ನೋಡಿದಳು.

“ಇನ್ನೇನಾದ್ರೂ ಬೇಕಿತ್ತಾ ಮೇಡಂ?”

“ಇಲ್ಲ, ಇಲ್ಲ. ಏನೂ ಇಲ್ಲ.”

ಕಾರಿನಲ್ಲಿ ಕೂತು ಸ್ಟಾರ್ಟ್ ಮಾಡುವುದಕ್ಕೇ ಅವಳಿಗೆ ಹತ್ತು ನಿಮಿಷ ಬೇಕಾಯಿತು. ಬಹುಶಃ ಎರಡನೆಯ ಸಲ ಫೋನಿನಲ್ಲಿ ಕೇಳುತ್ತಾನೆ ಎಂದುಕೊಂಡಳು. ಟೆಕ್ಸಸ್ಸಿನಲ್ಲಿ ಹಾಗಿರಬಹುದು. ದೊಡ್ಡ ರಾಜ್ಯ, ದೂರ ದೂರದ ಮನೆಗಳು.

ಫೋನು ಬರಲಿಲ್ಲ. ರೂಬೆನ್ ಪ್ರಾಮಾಣಿಕವಾಗಿ ಬೇರೆಯವರನ್ನು ಕೇಳುತ್ತಾ ಹೋಗಿದ್ದ. ಆರ್ಡಿಸಳ ನಲವತ್ತು ವರ್ಷದ ಗೆಳತಿ, ಅಂಚೆ ಕಚೇರಿಯ ಲಾವೊನ್‌ಳನ್ನು ಕೇಳಿದ, ಬೇಡವೆಂದಳು. ಕಬ್ಬಿಣದ ಅಂಗಡಿಯವನನ್ನು ಕೇಳಿದ, ಪಾದ್ರಿಯನ್ನು ಕೇಳಿದ, ಷರೀಫನನ್ನೂ ಕೇಳಿದ. ಎಲ್ಲರೂ ನಯವಾಗಿ ಬೇಡವೆಂದರು. ಎಲ್ಲರಿಗೂ ಅವನು “ಆಯ್ತು, ನಿಮ್ಮ ಮಾತಿಗೆ ಬೆಲೆ ಕೊಡ್ತೀನಿ,” ಅಂದ. ಇಡೀ ಜಿಲ್ಲೆಯಲ್ಲಿ ಯಾರ ಮಾತಿಗೂ ಅಷ್ಟೊಂದು ಬೆಲೆ ಅದುವರೆಗೆ ಸಿಕ್ಕಿರಲಿಲ್ಲ.

ಕ್ರಿಸ್‌ಮಸ್ಸಿಗೆ ನಾಲ್ಕು ದಿನ ಮೊದಲು ಇನ್ನೊಂದು ಅನಾಹುತವಾಯಿತು. ರೂಬೆನ್ ಪಾರ್ಕಿನ ಸ್ವಯಂಸೇವಕರಿಗೆಲ್ಲ ಟಮಾಲೆ ಮಾಡಿಕೊಂಡು ಬಂದ. ಮುಸುಕಿನ ಜೋಳದ ಹಿಟ್ಟಿನೊಳಗೆ ಖಾರದ ಹಂದಿಮಾಂಸ ತುಂಬಿ, ಜೋಳದ ಸಿಪ್ಪೆಯಲ್ಲೇ ಸುತ್ತಿ, ಹಬೆಯಲ್ಲಿ ಬೇಯಿಸಿದ್ದು. ಅವನ ಅಮ್ಮ ಹೇಳಿಕೊಟ್ಟಂತೆ ಎರಡು ದಿನ ಕೂತು ಸುತ್ತಿದ್ದು. ಒಲೆಮನೆಯ ಮೇಜಿನ ಮೇಲೆ ಆರು ಡಜನ್. ಮುಚ್ಚಳ ತೆಗೆದಾಗ ಬಂದ ಪರಿಮಳಕ್ಕೆ ಷರೀಫನ ಮೂಗು ತಾನಾಗಿ ಮೇಜಿನ ಕಡೆ ತಿರುಗಿತು.

“ತಗೊಳ್ಳಿ, ತಗೊಳ್ಳಿ!” ಅಂದ ರೂಬೆನ್.

“ಅಯ್ಯೋ ಬೇಡ, ಈಗ ತಾನೇ ತಿಂದು ಬಂದೆ,” ಅಂದಳು ಲಾವೊನ್.

“ನಿಮಗೇ ಬೇಕಾಗುತ್ತೆ, ಇಟ್ಕೊಳ್ಳಿ,” ಅಂದಳು ಆರ್ಡಿಸ್.

ಹನ್ನೆರಡು ಜನ ಹನ್ನೆರಡು ಸಲ ಬೇಡವೆಂದು, ಬಾಯಲ್ಲಿ ನೀರು ತುಂಬಿಕೊಂಡು ಎರಡನೆಯ ಕರೆಗೆ ಕಾದು ಕೂತರು. ರೂಬೆನ್ ಒಬ್ಬೊಬ್ಬರ ಮುಖವನ್ನೂ ನೋಡಿದ. ಆಮೇಲೆ ಮೆಲ್ಲಗೆ ಮುಚ್ಚಳ ಮುಚ್ಚಿ, ಪಾತ್ರೆಯನ್ನು ತೋಳಲ್ಲಿ ಎತ್ತಿಕೊಂಡು ಕಚೇರಿಗೆ ಹೋದ. ಕಿಟಕಿಯಿಂದ ಹನ್ನೆರಡು ಮುಖಗಳು ಆ ಪಾತ್ರೆ ದೂರವಾಗುವುದನ್ನು ನೋಡಿದವು.

ಇಪ್ಪತ್ತೇಳನೇ ತಾರೀಕು ಕಚೇರಿಯ ಹಲಗೆಯ ಮೇಲೆ ಒಂದು ಕಾಗದ ಅಂಟಿತು. ಜಾರುಬಂಡಿ ದಿಬ್ಬ ತೆರೆದಿದೆ. ಸ್ನೋಶೂ ಬಾಡಿಗೆಗೆ ಸಿಗುತ್ತದೆ. ಶನಿವಾರ ಸಂಜೆ ಮೇಣದ ದೀಪಗಳ ನಡುವೆ ಸ್ಕೀ. ಕೆಳಗೆ ದಪ್ಪ ಅಕ್ಷರದಲ್ಲಿ: ‘ಹೊಸ ವರ್ಷದ ನಡಿಗೆ: ಮುಂದೆ ನಿಂತು ನಡೆಸುವವರು ಸಿಗದ ಕಾರಣ ಈ ವರ್ಷ ಇಲ್ಲ.’

ಆರ್ಡಿಸ್ ಅದನ್ನು ಎರಡು ಸಲ ಓದಿದಳು. ಒಲೆಗೆ ಹಾಕಬೇಕೆಂದು ತಂದ ಕಟ್ಟಿಗೆಯನ್ನು ಎದೆಗವಚಿಕೊಂಡು ಅಲ್ಲೇ ನಿಂತಳು.

“ಹೋಗಿ ‘ನಾನು ನಡೆಸ್ತೀನಿ’ ಅಂತ ಹೇಳ್ಬಿಡೇ,” ಅಂದಳು ಒಲೆಮನೆಯಲ್ಲಿ ಲಾವೊನ್, ಕೋಕೋ ಕಲಕುತ್ತಾ.

“ನಾನಾ? ನಾನಾಗಿ ಹೋಗಿ? ‘ನನಗೆ ಬೇಕು’ ಅಂತಾನಾ?”

“ಮೆಲ್ಲಗೆ ಹೇಳು.”

“ನಿನ್ನನ್ನ ಕೇಳಿದಾಗ ನೀನ್ಯಾಕೆ ಬೇಡ ಅಂದೆ?”

“ನಿನ್ನ ನಡಿಗೆಗೆ ನಾನು ಹೂಂ ಅಂತೀನಾ? ಎರಡನೇ ಸಲ ಕೇಳಿದ್ರೆ ‘ಆರ್ಡಿಸ್‌ನ ಇನ್ನೊಂದ್ಸಲ ಕೇಳಿ ನೋಡಿ’ ಅನ್ನೋಣ ಅಂತ ಬಾಯಲ್ಲೇ ಇಟ್ಕೊಂಡಿದ್ದೆ ಕಣೇ. ಅವನು ಕೇಳಲೇ ಇಲ್ಲ!”

“ಹಾಗಾದ್ರೆ ಈಗ ಹೋಗಿ ಹೇಳು.”

“ಕೇಳದೆ ಇರೋದನ್ನ ನಾನ್ಯಾಕೆ ಹೇಳ್ಲಿ?” ಅಂದಳು ಲಾವೊನ್.

ಗಂಡ ಓರ್ವಿಲ್ ಸರೋವರದ ಐಸಿನ ಮೇಲೆ ತನ್ನ ಮೀನಿನ ಗುಡಿಸಲಿನಲ್ಲಿ ಕೂತಿದ್ದ. ಡಿಸೆಂಬರಿನಿಂದ ಮಾರ್ಚಿನ ತನಕ ಅವನ ವಾಸ ಅಲ್ಲೇ; ಐಸಿನಲ್ಲಿ ಕೊರೆದ ತೂತಿನೊಳಗೆ ದಾರ ಬಿಟ್ಟು, ಅದನ್ನು ದೇವರಮನೆಯ ದೀಪ ನೋಡುವ ಹಾಗೆ ನೋಡುತ್ತಿರುತ್ತಾನೆ. ಸುತ್ತಿ ಬಳಸಿ ಮಾತಾಡುವುದರಲ್ಲಿ ಅವನು ಇಡೀ ಊರಿಗೇ ಹಿರಿಯ. ನಲವತ್ತೈದು ವರ್ಷದ ಹಿಂದೆ ಆರ್ಡಿಸಳನ್ನು ಮದುವೆಗೆ ಕೇಳಿದ್ದು, “ನಮ್ಮ ಮನೆ ಬಾಗಿಲ ಹತ್ರ ಇನ್ನೊಂದು ಜೊತೆ ಬೂಟಿಗೆ ಜಾಗ ಇದೆ,” ಎಂದು. ಅವಳು ಅದಕ್ಕೂ ಎರಡು ಸಲ ಬೇಡವೆಂದಿದ್ದಳು.

ಎಲ್ಲವನ್ನೂ ಕೇಳಿದ ಓರ್ವಿಲ್ ದಾರವನ್ನು ಒಂದಿಂಚು ಎಳೆದ. “ಸುಳಿವು ಕೊಡು,” ಅಂದ.

ಆರ್ಡಿಸ್ ಸುಳಿವಿನ ಮಹಾಯುದ್ಧ ಆರಂಭಿಸಿದಳು.

ಇಪ್ಪತ್ತೆಂಟರಂದು ಚೌಕವಾಗಿ ಕೊಯ್ದ ನಿಂಬೆ ಕೇಕು ತೆಗೆದುಕೊಂಡು ಕಚೇರಿಗೆ ಹೋದಳು. “ಕೆರೆ ಕತ್ತಿನಲ್ಲಿ ಐಸು ಹದಿನಾಲ್ಕು ಇಂಚು ಆಗಿದೆಯಂತೆ,” ಅಂದಳು. “ನಡೆಯೋ ಅಂಥವರಿದ್ರೆ ಆರಾಮಾಗಿ ನಡೀಬಹುದು.”

“ಒಳ್ಳೇ ಮಾತು ಹೇಳಿದ್ರಿ ಮೇಡಂ,” ಎಂದು ರೂಬೆನ್ ಆ ಹದಿನಾಲ್ಕು ಇಂಚನ್ನು ಹಲಗೆಯ ಮೇಲೆ ಬರೆದ. ಕೇಕನ್ನು ಮೊದಲ ಸಲಕ್ಕೇ ತೆಗೆದುಕೊಂಡು ಬಾಯಿಗೆ ಹಾಕಿ, “ಎಷ್ಟು ಚೆನ್ನಾಗಿದೆ! ಇನ್ನೊಂದು ತಗೊಳ್ಲಾ?” ಅಂದ. ಆರ್ಡಿಸ್‌ಗೆ ತಲೆ ತಿರುಗಿದಂತಾಯಿತು. ಒಳಗೊಳಗೇ ಖುಷಿಯೂ ಆಯಿತು. ಅವಳ ಕೇಕನ್ನು ಯಾರೂ ಅಷ್ಟು ಬೇಗ ತಿಂದಿರಲಿಲ್ಲ.

ಇಪ್ಪತ್ತೊಂಬತ್ತರಂದು ದೊಡ್ಡ ಅಸ್ತ್ರ ತೆಗೆದಳು. ಇಪ್ಪತ್ಮೂರು ವರ್ಷ ತೊಟ್ಟ ಕಿತ್ತಳೆ ಮೇಲಂಗಿಯನ್ನು ಒಗೆದು, ಇಸ್ತ್ರಿ ಮಾಡಿ, ಮಡಚಿ ತಂದು ಕಟ್ಟೆಯ ಮೇಲಿಟ್ಟಳು. “ಇದನ್ನ ವಾಪಸ್ ಕೊಡೋಣ ಅಂತ. ಇನ್ನು ನನಗ್ಯಾಕೆ.” ಯಾವ ಮನುಷ್ಯನಾದರೂ ಇಲ್ಲಿ ‘ಛೆ ಛೆ’ ಅನ್ನಲೇಬೇಕು. ಡ್ವೈಟ್ ಆಗಿದ್ದರೆ ಅತ್ತೇಬಿಡುತ್ತಿದ್ದ.

“ಒಗೆದೂ ತಂದಿದ್ದೀರಾ! ತುಂಬಾ ಥ್ಯಾಂಕ್ಸ್ ಮೇಡಂ,” ಎಂದು ರೂಬೆನ್ ಅದನ್ನು ಬೀರುವಿನಲ್ಲಿಟ್ಟು ಬೀಗ ಹಾಕಿದ.

ಮೂವತ್ತರಂದು ಆರ್ಡಿಸ್ ಮಾತನ್ನೇ ಬಿಟ್ಟಳು. ಸ್ನೋಶೂ ಕಟ್ಟಿಕೊಂಡು, ರಾತ್ರಿ ಬಿದ್ದ ಹೊಸ ಹಿಮವನ್ನು ತುಳಿದು ತುಳಿದು, ನಡಿಗೆಯ ದಾರಿಯ ಮೊದಲ ಅರ್ಧ ಮೈಲಿಯನ್ನು ರಸ್ತೆಯಷ್ಟು ಗಟ್ಟಿ ಮಾಡಿದಳು. ಕಚೇರಿಯ ಕಿಟಕಿಯ ಮುಂದೆಯಂತೂ ಮೂರು ಸಲ ಓಡಾಡಿದಳು. ಕೋಲು ಬೀಸಿದಳು. ಕೆಮ್ಮಿದಳು. ಕೊನೆಗೆ ರೂಬೆನ್ ಎರಡು ಕೋಟಿನ ಮೇಲೆ ಕಂಬಳಿ ಹೊದ್ದು ಬಾಗಿಲಿಗೆ ಬಂದ.

“ಮೇಡಂ, ಈ ವಯಸ್ಸಿನಲ್ಲೂ ಇಷ್ಟು ವ್ಯಾಯಾಮ ಮಾಡ್ತೀರಲ್ಲ, ನೋಡೋಕೇ ಸಂತೋಷ!”

ಮೂಸ್‌ಗೂ ಹೆದರದ ಹೆಂಗಸು ಅವತ್ತು ಮನೆಗೆ ಹೋಗಿ ಬೂಟು ಬಿಚ್ಚದೆ ಕುರ್ಚಿಯ ಮೇಲೆ ಕೂತಳು.

ಮೂವತ್ತೊಂದರ ಮಧ್ಯಾಹ್ನ ಒಲೆಮನೆ ಖಾಲಿಯಾದ ಮೇಲೆ, ಬೀಗದ ಕೈ ಕೊಡುವುದಕ್ಕೆಂದು ಅವಳು ಕಚೇರಿಗೆ ಹೋದಳು. ಮಾರನೆಯ ದಿನ ಇಪ್ಪತ್ಮೂರು ವರ್ಷದಲ್ಲಿ ಮೊದಲ ಬಾರಿಗೆ ಮನೆಯಲ್ಲಿ ಕೂತು ಟಿವಿಯಲ್ಲಿ ಹೊಸ ವರ್ಷದ ಮೆರವಣಿಗೆ ನೋಡಬೇಕು ಎಂಬುದು ಅವಳಿಗೆ ನಿಶ್ಚಯವಾಗಿತ್ತು. ರೂಬೆನ್ ಮೇಜಿನ ಹಿಂದೆ ಏನೋ ಟೈಪು ಮಾಡುತ್ತಿದ್ದವನು ಎದ್ದು ನಿಂತ. ಮುಖದಲ್ಲಿ ನಗು ಇರಲಿಲ್ಲ.

“ಮೇಡಂ, ಒಂದು ಕೇಳ್ಲಾ? ನಿಮಗೆ ಬೇಜಾರಾಗಲ್ಲ ತಾನೇ?”

“ಕೇಳಿ.”

“ನಾನು ಇಲ್ಲಿ ಏನು ತಪ್ಪು ಮಾಡ್ದೆ?”

“ತಪ್ಪಾ?”

“ಹದಿನೇಳು ಜನರನ್ನ ಕೇಳಿದೆ. ಹದಿನೇಳೂ ಜನ ಬೇಡ ಅಂದ್ರು. ಹಬ್ಬಕ್ಕೆ ಅಂತ ಅಡುಗೆ ತಂದೆ, ಒಬ್ಬರೂ ಮುಟ್ಟಲಿಲ್ಲ. ನಮ್ಮಮ್ಮ ಫೋನ್ ಮಾಡಿ ‘ಅವರಿಗೆ ಹಿಡಿಸ್ತಾ’ ಅಂತ ಕೇಳಿದ್ರೆ ಸುಳ್ಳು ಹೇಳ್ದೆ. ಎಲ್ಲರೂ ಒಳ್ಳೆಯವರೇ, ಎಲ್ಲರೂ ನಗ್ತಾರೆ. ಆದ್ರೆ ನನ್ನಿಂದ ಯಾರಿಗೂ ಏನೂ ಬೇಡ.” ಅವನು ಕಂಪ್ಯೂಟರಿನ ಕಡೆ ಕೈ ತೋರಿಸಿದ. “ದಕ್ಷಿಣದ ಕಡೆ ವರ್ಗ ಮಾಡಿ ಅಂತ ಪತ್ರ ಬರೀತಿದ್ದೆ. ಚಳಿ ತಡ್ಕೋಬಹುದು ಮೇಡಂ. ಇದು ಆಗಲ್ಲ.”

ಆರ್ಡಿಸ್ ನೈಗಾರ್ಡ್ ಹೆದರಿದ್ದು ಆಗ. ಹೊರಗೆ ಸೊನ್ನೆಗಿಂತ ಹನ್ನೊಂದು ಡಿಗ್ರಿ ಕೆಳಗೆ, ಒಳಗೆ ಅವಳಿಗೆ ಬೆವರು. ಎದುರಿಗಿದ್ದದ್ದು ಮೂಸ್ ಅಲ್ಲ, ಅದಾಗಿದ್ದರೆ ಪಾಚಿ ತೋರಿಸಬಹುದಿತ್ತು. ಎದುರಿಗಿದ್ದದ್ದು ಅವಳ ಅಮ್ಮ, ಅಜ್ಜಿ, ನಾರ್ವೆಯಿಂದ ಹಡಗಿನಲ್ಲಿ ಬಂದ ಮುತ್ತಜ್ಜಿ, ಯಾರೂ ಯಾವತ್ತೂ ಬಾಯಿಬಿಟ್ಟು ಆಡದ ಒಂದು ಮಾತು. ಅವಳು ಕಟ್ಟೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಳು.

“ನನಗೆ ಬೇಕು,” ಅಂದಳು.

ದನಿ ಬೇರೆ ಯಾರದೋ ಅನ್ನಿಸಿತು. ಮತ್ತೆ ಹೇಳಿದಳು, ಈ ಸಲ ಶಾಲೆಯ ಊಟದ ಕೋಣೆಯ ಆಚೆ ಗೋಡೆಗೆ ಮುಟ್ಟುತ್ತಿದ್ದ ದನಿಯಲ್ಲಿ. “ನನಗೆ ಬೇಕು! ನಡಿಗೆ ಬೇಕು. ಮೊದಲಿಂದಲೂ ಬೇಕಿತ್ತು. ಆ ಮೇಲಂಗಿ ಬೇಕು, ಬೀರು ತೆಗೀರಿ. ಆ ಟಮಾಲೆ ಒಂದಾದ್ರೂ ಉಳಿದಿದ್ರೆ ಅದೂ ಬೇಕು. ಅವತ್ತು ಅದರ ವಾಸನೆಗೆ ಷರೀಫ ತನ್ನ ಕೈಗವಸನ್ನೇ ಕಚ್ತಿದ್ದ, ನಾನೇ ಕಣ್ಣಾರೆ ನೋಡ್ದೆ!”

ರೂಬೆನ್ ಬಾಯಿ ತೆರೆದುಕೊಂಡು ನಿಂತ. “ಮತ್ತೆ ಬೇಡ ಅಂದ್ರಿ?”

“ಬೇಡ ಅಂದೆ, ನಿಜ. ಒಂದು ಸಲ ಅಂದೆ. ಒಂದು ಸಲ ಅಂದ್ರೆ ಲೆಕ್ಕಕ್ಕಿಲ್ಲಪ್ಪ! ಮೂರು ಸಲ ಕೇಳ್ಬೇಕು ನೀವು. ಒಲೆ ಮೇಲೆ ಕಾಫಿ ಇಟ್ರೆ ಒಂದೇ ನಿಮಿಷಕ್ಕೆ ಇಳಿಸ್ತೀರಾ? ಕುದಿಯೋಕೆ ಬಿಡ್ಬೇಕು ತಾನೇ?”

“ಹದಿನೇಳು ಜನಾನೂ?”

“ಹದಿನೇಳು ಜನಾನೂ ಎರಡನೇ ಸಲ ಕೇಳ್ತಾರೆ ಅಂತ ಕಾದು ಕಾದು ಕೂತಿದ್ದಾರೆ. ಲಾವೊನ್ ಅಂತೂ ಉತ್ತರ ರೆಡಿ ಮಾಡಿ ಮೂರು ವಾರ ಆಯ್ತು.”

ರೂಬೆನ್ ಕುರ್ಚಿಯ ಮೇಲೆ ಕುಸಿದು ಕೂತ. ಅವನು ನಗುತ್ತಿದ್ದಾನೋ ಅಳುತ್ತಿದ್ದಾನೋ ಆರ್ಡಿಸ್‌ಗೆ ಸ್ವಲ್ಪ ಹೊತ್ತು ತಿಳಿಯಲಿಲ್ಲ. “ಇದನ್ನ ಎಲ್ಲಾದ್ರೂ ಬರೆದು ಅಂಟಿಸಬಾರದಾ ಮೇಡಂ, ಹೊಸಬರಿಗೆ?” ಅಂದ ಕಡೆಗೆ.

“ಬರೆಯೋದಾ!” ಅಂದಳು ಆರ್ಡಿಸ್. ಅವತ್ತಿನ ದಿನಕ್ಕೆ ಅವಳು ಮಾಡಿದ ಅಸಭ್ಯತೆ ಅಷ್ಟೇ ಸಾಕಾಗಿತ್ತು.

ಅವನು ಹಿಂದಿನ ಕೋಣೆಯ ಫ್ರೀಜರಿನಿಂದ ಪಾತ್ರೆ ತಂದು ಬಿಸಿಗಿಟ್ಟ. ಇಬ್ಬರೂ ನಿಂತೇ ತಿಂದರು. ಆರ್ಡಿಸ್ ನಾಲ್ಕು ತಿಂದಳು, ಒಂದಕ್ಕೂ ಬೇಡವೆನ್ನದೆ. ಖಾರಕ್ಕೆ ಅವಳ ಕಿವಿ ಕೆಂಪಾದವು. ತನ್ನ ಕಿವಿಯ ಬಣ್ಣ ತನಗೇ ಗೊತ್ತಾಗಿದ್ದು ಅವಳಿಗೆ ಅದೇ ಮೊದಲು.

ಆಮೇಲೆ ರೂಬೆನ್ ತಲೆಗೆ ಕೈ ಹಚ್ಚಿದ. “ಆದ್ರೆ ಮೇಡಂ, ನಡಿಗೆ ಇಲ್ಲ ಅಂತ ಬೋರ್ಡ್ ಹಾಕಿ ನಾಲ್ಕು ದಿನ ಆಯ್ತು. ರೇಡಿಯೋದವರಿಗೂ ಹೇಳಿದ್ದೀನಿ. ಈಗ ಯಾರು ಬರ್ತಾರೆ?”

ಅದು ಆರ್ಡಿಸ್‌ಗೂ ಗೊತ್ತಿರಲಿಲ್ಲ. ಇಬ್ಬರೇ ಆದರೆ ಇಬ್ಬರೇ ನಡೆಯುವುದು ಎಂದು ಮೇಲಂಗಿ ತೆಗೆದುಕೊಂಡು ಹೋದಳು. ಸೂಪನ್ನು ಮಾತ್ರ ಕಡಿಮೆ ಮಾಡಲು ಕೈ ಬಾರದೆ ಎಂದಿನ ದೊಡ್ಡ ಹಂಡೆಯಲ್ಲೇ ಮಾಡಿದಳು. ಓರ್ವಿಲ್ ಏನೂ ಕೇಳದೆ ಅದನ್ನು ಹಿಮದ ಬೈಕಿನ ಹಿಂದಿನ ಬಂಡಿಗೆ ಕಟ್ಟಿ ಮಂಟಪಕ್ಕೆ ಸಾಗಿಸಿದ.

ಒಂದನೇ ತಾರೀಕು ಬೆಳಿಗ್ಗೆ ಒಂಬತ್ತೂವರೆಗೆ ಆರ್ಡಿಸ್ ಪಾರ್ಕಿನ ಗೇಟು ದಾಟಿದಳು. ಸೊನ್ನೆಗಿಂತ ಇಪ್ಪತ್ತೆರಡು ಡಿಗ್ರಿ ಕೆಳಗೆ, ಗಾಳಿಯಿಲ್ಲ, ಬಿಸಿಲು ಹಿಮದ ಮೇಲೆ ಬಿದ್ದು ಕಣ್ಣು ಬಿಡಲಾಗದಂಥ ಬೆಳಕು. ಕಾರು ನಿಲ್ಲಿಸುವ ಜಾಗಕ್ಕೆ ಬಂದವಳು ಬ್ರೇಕು ಒತ್ತಿದಳು. ಜಾಗವಿರಲಿಲ್ಲ.

ಇಡೀ ಹಾಲ್ವರ್ಡ್ ಅಲ್ಲಿತ್ತು. ಕಬ್ಬಿಣದ ಅಂಗಡಿಯವನು, ಪಾದ್ರಿ ಮತ್ತು ಅವನ ಹೆಂಡತಿ, ಹಲ್ಲಿನ ಡಾಕ್ಟರು, ಬೆನ್ನಿಗೆ ಕೂಸು ಕಟ್ಟಿಕೊಂಡವರು, ಮೂವತ್ತನಾಲ್ಕು ಡಿಗ್ರಿಯ ವರ್ಷ ಹೊಸದಾಗಿ ಮದುವೆಯಾಗಿದ್ದ ಆ ಇಬ್ಬರು. ಎಲ್ಲರ ಕೈಯಲ್ಲೂ ಕೋಲು, ಎಲ್ಲರ ಮೂಗಿನ ಮೇಲೂ ಉಣ್ಣೆ. ಯಾರೂ ಯಾವುದಕ್ಕೂ ಕಾಯುತ್ತಿರಲಿಲ್ಲ. ಎಲ್ಲರೂ ಸುಮ್ಮನೆ ನಿಂತಿದ್ದರು.

ರೂಬೆನ್ ಮೆಟ್ಟಿಲ ಮೇಲೆ, ಕಣ್ಣೆರಡು ಬಿಟ್ಟು ಮಿಕ್ಕಿದ್ದೆಲ್ಲ ಮುಚ್ಚಿಕೊಂಡು ನಿಂತಿದ್ದ. “ಬೋರ್ಡ್ ನೋಡ್ಲಿಲ್ವಾ ನೀವೆಲ್ಲ?” ಎಂದು ಬಟ್ಟೆಯೊಳಗಿಂದಲೇ ಕೇಳುತ್ತಿದ್ದ.

“ನೋಡಿದ್ವಿ, ನೋಡಿದ್ವಿ,” ಅಂದಳು ಲಾವೊನ್.

“ಇಲ್ಲ ಅಂತ ಬರೆದಿತ್ತಲ್ಲ?”

“ಬರೆದಿತ್ತು. ಒಂದು ಸಲ.”

“ಹೀಗೇ ಈ ಕಡೆ ಬಂದಿದ್ದೆ,” ಅಂದ ಷರೀಫ, ಯಾರೂ ಕೇಳದಿದ್ದರೂ. “ಬಿಸಿಲು ಚೆನ್ನಾಗಿತ್ತು.”

“ನಮ್ಮ ನಾಯಿನ ಸ್ವಲ್ಪ ಓಡಾಡಿಸೋಣ ಅಂತ,” ಅಂದ ಹಲ್ಲಿನ ಡಾಕ್ಟರು. ಅವನ ಬಳಿ ನಾಯಿ ಇರಲಿಲ್ಲ.

ಆರ್ಡಿಸ್ ಕಾರಿನಿಂದಿಳಿದಳು. ಅವಳ ಮೈಮೇಲೆ ಕಿತ್ತಳೆ ಬಣ್ಣ ಕಂಡಕೂಡಲೇ ಅಷ್ಟೂ ಜನ ಬೇರೆ ಕಡೆ ನೋಡಿದರು, ಮರ ನೋಡಿದರು, ಬೂಟಿನ ದಾರ ನೋಡಿದರು. ಹಾಲ್ವರ್ಡಿನಲ್ಲಿ ಚಪ್ಪಾಳೆ ಹೊಡೆಯುವುದು ಹಾಗೆ. ಆರ್ಡಿಸ್ ಕಣ್ಣಂಚಿನಲ್ಲಿ ಹೆಪ್ಪುಗಟ್ಟಿದ್ದನ್ನು ಕೈಗವಸಿನಿಂದ ಒರೆಸಿಕೊಂಡಳು, ಎರಡು ಕಿವಿಗಳನ್ನು ಟೋಪಿಯೊಳಗೆ ತುರುಕಿದಳು. ಎರಡೂ ಕಬ್ಬಿಣದ ಅಂಗಡಿಯವನವು.

“ಸೂಪು ಮುಂದೆ ಹೋಗಿದೆ. ನಡೀರಿ,” ಅಂದಳು.

ಪೈನ್ ಮರಗಳ ನಡುವೆ ಹಿಮ ಕಾಲಡಿಯಲ್ಲಿ ಕರಕರ ಸದ್ದು ಮಾಡಿತು. ದಿಬ್ಬದ ಮೇಲೆ ಅವಳು ಒಂದು ಕ್ಷಣ ನಿಂತು ಕೋಲಿನಿಂದ ತೋರಿಸಿದಳು: ಹಿಮದ ಮೇಲೆ ನರಿಯ ಹೆಜ್ಜೆ, ದಾರ ಹಿಡಿದು ಹೊಲಿದಷ್ಟು ನೇರ; ಒಂದು ಕಡೆ ಹೊಲಿಗೆ ಬಿಟ್ಟು ಒಂದು ಗುಳಿ, ಗುಳಿಯಲ್ಲಿ ಒಂದು ಚಿಕ್ಕ ಇಲಿಯ ಕಥೆ ಮುಗಿದಿತ್ತು. ಜನ ಸಾಲಾಗಿ ಬಂದು ಬಗ್ಗಿ ನೋಡಿ, “ಹೂಂ, ಪರವಾಗಿಲ್ಲ,” ಅಂದರು. ಆ ಊರಿನಲ್ಲಿ ಅದಕ್ಕಿಂತ ದೊಡ್ಡ ಹೊಗಳಿಕೆ ಇಲ್ಲ. ಆಮೇಲೆ ಸರೋವರ. ಬಿಳಿ ಬಯಲಿನ ಮೇಲೆ ಅವಳು ಮುಂದೆ, ಪಕ್ಕದಲ್ಲಿ ರೂಬೆನ್, ಹಿಂದೆ ಊರು.

ಸರೋವರದ ನಡುವಿಗೆ ಬಂದಾಗ ಕಾಲ ಕೆಳಗಿನಿಂದ ಒಂದು ಗುಡುಗು ಹುಟ್ಟಿ, ಈ ದಡದಿಂದ ಆ ದಡಕ್ಕೆ ಉರುಳಿಕೊಂಡು ಹೋಯಿತು.

ರೂಬೆನ್ ಕಲ್ಲಾದ. “ಅದೇನು?”

“ಐಸು ಇನ್ನೂ ದಪ್ಪ ಆಗ್ತಿದೆ. ಚಳಿ ಜಾಸ್ತಿಯಾದಾಗ ಕೆರೆ ಹೀಗೆ ಮಗ್ಗುಲು ಬದಲಾಯಿಸುತ್ತೆ. ಒಳ್ಳೇ ಸದ್ದು ಅದು.” ಅವಳು ಅವನ ಮುಖ ನೋಡಿದಳು. “ಭಯ ಆಯ್ತಾ?”

“ಹೌದು ಮೇಡಂ,” ಅಂದ ರೂಬೆನ್. “ತುಂಬಾ.”

ಇಂಥ ಪ್ರಶ್ನೆಗೆ ಈ ಸರೋವರದ ಮೇಲೆ ಯಾವ ಗಂಡಸೂ ಆರ್ಡಿಸ್‌ಗೆ ಹಾಗೆ ನೇರವಾಗಿ ಉತ್ತರ ಕೊಟ್ಟಿರಲಿಲ್ಲ. ಅವಳಿಗೆ ಅದು ಬಹಳ ಹಿಡಿಸಿತು.

“ಕೈ ಹಿಡ್ಕೊಳ್ತೀರಾ?”

ಅವನು ತಕ್ಷಣ ಹಿಡಿದುಕೊಂಡ. ಅಷ್ಟು ಬೇಗ ಒಪ್ಪಿಕೊಂಡವನನ್ನು ಕಂಡು ಹಿಂದಿದ್ದ ಊರಿಗೆ ಊರೇ ಆಕಾಶದ ಕಡೆ ಮುಖ ತಿರುಗಿಸಿತು. ಆರ್ಡಿಸ್ ಅವನ ತೋಳನ್ನು ತನ್ನ ಕಂಕುಳಲ್ಲಿ ಸಿಕ್ಕಿಸಿಕೊಂಡು, ಹೊಗೆ ಏಳುತ್ತಿದ್ದ ಮಂಟಪದ ಕಡೆ ಹೆಜ್ಜೆ ಹಾಕಿದಳು.